ಹನ್ನೊಂದೂ ಹತ್ತರ ಹಾಲು

ದಿನಾ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ನಾಗಭೂಷಣನ ಪ್ಯಾಂಟು ಅಳುತ್ತಿತ್ತು.

ಸುಳ್ಳಲ್ಲ. ಸುಂಕದಕಟ್ಟೆಯ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮುನ್ನೂರು ಹೊಲಿಗೆ ಮಿಷನ್ನು ಒಟ್ಟಿಗೆ ಓಡುತ್ತವೆ. ಪಕ್ಕದವಳು ಸೀನಿದರೂ ಕೇಳಿಸುವುದಿಲ್ಲ. ಆದರೆ ಆ ಅಳು ಕೇಳಿಸುತ್ತಿತ್ತು. ಬಲಗಡೆ ಜೇಬಿನೊಳಗಿಂದ ಎಳೆಗೂಸೊಂದು ಗಂಟಲು ಹರಿದುಕೊಂಡು ಅಳುತ್ತಿತ್ತು. ನಾಗಭೂಷಣ ನಾಲ್ಕನೇ ಲೈನಿನ ಇನ್‌ಚಾರ್ಜು. ಅವನು ಗತ್ತಿನಿಂದ ಜೇಬಿಗೆ ಕೈ ಹಾಕಿ ಫೋನು ತೆಗೆಯುತ್ತಿದ್ದ, ನಂಬರು ನೋಡುತ್ತಿದ್ದ, "ಥತ್, ಕ್ರೆಡಿಟ್ ಕಾರ್ಡ್‌ನೋರ ಕಾಟ" ಎಂದು ಕಟ್ ಮಾಡುತ್ತಿದ್ದ. ಎರಡು ನಿಮಿಷ ಬಿಟ್ಟು ಪ್ಯಾಂಟು ಮತ್ತೆ ಅಳುತ್ತಿತ್ತು.

ಅದು ಅವನ ಮಗನ ಅಳು. ಹೆರಿಗೆಗೆಂದು ಕೆಂಗೇರಿ ಉಪನಗರದ ತವರಿಗೆ ಹೋದ ಹೆಂಡತಿ ಇನ್ನೂ ಬಂದಿರಲಿಲ್ಲ. ನಾಮಕರಣಕ್ಕೆ ಹೋದ ನಾಗಭೂಷಣ ಮಗು ಅತ್ತದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದು ರಿಂಗ್‌ಟೋನ್ ಮಾಡಿಕೊಂಡಿದ್ದ. "ಹೆಂಗಿದೆ ನೋಡ್ರೇ ವಾಯ್ಸು! ಗಂಡು ಮಗು ಅಂದ್ರೆ ಹಂಗಿರ್ಬೇಕು" ಎಂದು ಲೈನಿನ ನಲವತ್ತು ಹೆಂಗಸರಿಗೂ ಕೇಳಿಸಿದ್ದ. ನಲವತ್ತು ಹೆಂಗಸರೂ ಹೌದು ಸಾರ್ ಅಂದಿದ್ದರು. ಅವನು ಏನು ಹೇಳಿದರೂ ಹೌದು ಸಾರ್ ಅನ್ನುವುದು ಅಲ್ಲಿಯ ಕೆಲಸದ ಒಂದು ಭಾಗ.

ಕಾಲರ್ ಕೂರಿಸುವ ಮಾಲಾಳಿಗೆ ಮಾತ್ರ ಮೊದಲ ಸಲವೇ ಗೊತ್ತಾಗಿತ್ತು, ಅದು ಹಸಿವಿನ ಅಳು ಅಂತ. ಮಗು ಹಾಲಿಗೆ ಅಳುತ್ತಿತ್ತು. ಅಪ್ಪ ಅದನ್ನು ಎತ್ತಿಕೊಳ್ಳದೆ ಫೋನು ಹಿಡಿದು ನಿಂತಿದ್ದ.

ಅವಳಿಗಿಂತ ಮೊದಲು ಗೊತ್ತಾಗಿದ್ದು ಅವಳ ಎದೆಗೆ. ಪ್ಯಾಂಟು ಅಳಲು ಶುರುಮಾಡಿ ಎರಡು ಉಸಿರು ಕಳೆಯುವಷ್ಟರಲ್ಲಿ ಎದೆ ಜುಮ್ಮೆನ್ನುತ್ತಿತ್ತು. ಸೂಜಿ ಆಡಿಸಿದ ಹಾಗೆ. ಆಮೇಲೆ ಬಿಗಿ. ಆಮೇಲೆ ಬಿಸಿ. ಆಮೇಲೆ ಒದ್ದೆ. ಇದು ರಿಂಗ್‌ಟೋನ್ ಕಣಮ್ಮಾ, ಸುಮ್ಮನಿರು ಅಂತ ಎದೆಗೆ ಯಾರು ಹೇಳಬೇಕು? ಮಾಲಾ ಹೇಳಿ ನೋಡಿದ್ದಳು. ಹಲ್ಲು ಕಚ್ಚಿದಳು. ಮೊಣಕೈಯಿಂದ ಒತ್ತಿ ಹಿಡಿದಳು. ಮನಸ್ಸಿನಲ್ಲಿ ಹದಿನೇಳರ ಮಗ್ಗಿ ಹೇಳಿಕೊಂಡಳು. ಹದಿನೇಳು ನಾಲ್ಕಲ ಅನ್ನುವಷ್ಟರಲ್ಲಿ ರವಿಕೆ ತೊಯ್ದಿರುತ್ತಿತ್ತು.

ಗಂಡ ಮಹದೇವನ ಹಳೇ ಲುಂಗಿಯನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡು ಬರುತ್ತಿದ್ದಳು. ಹನ್ನೊಂದೂ ಹದಿನೈದಕ್ಕೆ ಲುಂಗಿ ಸೋಲುತ್ತಿತ್ತು. ಕಾಲರ್ ಕೂರಿಸುವ ಕೆಲಸವೆಂದರೆ ಮಿಷನ್ನಿನ ಮೇಲೆ ಬಗ್ಗಿಯೇ ಇರಬೇಕು. ಗಂಟೆಗೆ ಅರವತ್ತು ಕಾಲರ್. ತಲೆ ಎತ್ತಿದರೆ ಒಂದು ಕಾಲರ್ ಹೋಯಿತು. ಬಗ್ಗಿದ ಎದೆಯಿಂದ ಹನಿ ಎಲ್ಲಿಗೆ ಬೀಳಬೇಕು? ಕೆಳಗಿದ್ದ ಬಿಳೀ ಶರಟಿನ ಮೇಲೆ ಬೀಳುತ್ತಿತ್ತು. ಯಾವುದೋ ದೂರದೇಶದ ಯಾವನೋ ಗಂಡಸಿನ ಶರಟು.

ಬಾತ್‌ರೂಮಿಗೆ ಹೋಗಿ ಹಿಂಡಿ ಬರೋಣವೆಂದರೆ ಲೈನಿಗೆ ಒಂದೇ ಟೋಕನ್. ನಾಲ್ಕು ಅಂತ ಬರೆದ ಮರದ ಬಿಲ್ಲೆ. ನಲವತ್ತು ಹೆಂಗಸರ ಹೊಟ್ಟೆ, ನಲವತ್ತು ಹೆಂಗಸರ ತಿಂಗಳು, ಎಲ್ಲಕ್ಕೂ ಆ ಒಂದು ಬಿಲ್ಲೆ. ಅದು ಮೊಳೆಗೆ ವಾಪಸು ಬಂದು ನೇತಾಡುವವರೆಗೆ ತಡೆದುಕೊಂಡಿರಬೇಕು. ಉಚ್ಚೆಯನ್ನು ಹಾಗೆ ಕೂರಿಸಬಹುದು. ಹಾಲು ಮಾತು ಕೇಳುವುದಿಲ್ಲ.

ಮಾಲಾಳ ಮಗಳು ಕವನಾಗೆ ನಾಲ್ಕು ತಿಂಗಳು. ಮನೆ ಫ್ಯಾಕ್ಟರಿಯಿಂದ ಎರಡು ರಸ್ತೆ ಆಚೆ. ನಡೆದರೆ ಆರು ನಿಮಿಷ. ಓಡಿದರೆ ಮೂರು. ಆದರೆ ಬೆಳಿಗ್ಗೆ ಎಂಟೂವರೆಗೆ ಮುಚ್ಚಿದ ಗೇಟು ಸಂಜೆ ಐದೂವರೆಗೇ ತೆರೆಯುವುದು. ಊಟದ ಅರ್ಧ ಗಂಟೆಯೂ ಒಳಗೇ. ಹೆತ್ತವಳಿಗೆ ಆರು ತಿಂಗಳ ರಜೆ ಅಂತ ಕಾನೂನಿದೆಯಂತೆ. ಬಸುರಿ ಅಂತ ತಿಳಿದ ತಿಂಗಳೇ ಮಾಲಾಳಿಂದ ರಾಜೀನಾಮೆ ಬರೆಸಿಕೊಂಡರು. ಹೆತ್ತ ಮೇಲೆ ಹೊಸಬಳು ಅಂತ ಸೇರಿಸಿಕೊಂಡರು. ನಾಲ್ಕು ವರ್ಷ ಅದೇ ಮಿಷನ್ನಿನ ಮೇಲೆ ಬೆನ್ನು ಬಗ್ಗಿಸಿದವಳಿಗೆ, "ಕೆಲಸ ಬರುತ್ತಾ?" ಎಂದು ಪರೀಕ್ಷೆ ಬೇರೆ ಮಾಡಿದರು. ಹೊಸಬಳಿಗೆ ಎಂಥ ಹೆರಿಗೆ ರಜೆ?

ಫ್ಯಾಕ್ಟರಿಯಲ್ಲಿ ಮಕ್ಕಳ ಕೋಣೆ ಇರಲಿಲ್ಲವೆಂದಲ್ಲ. ಇತ್ತು. ಗೋಡೆಯ ಮೇಲೆ ಆನೆ, ಮೊಲ, ನಗುವ ಸೂರ್ಯ. ಒಂದು ತೊಟ್ಟಿಲು. ಬಾಗಿಲಿಗೆ ಬೀಗ. ಬೀಗದ ಕೈ ಎಚ್.ಆರ್. ದೀಪ್ತಿ ಮೇಡಂ ಹತ್ತಿರ. ಎರಡು ವರ್ಷದಿಂದ "ಆಯಾ ಸಿಕ್ಕಿಲ್ಲ, ಸಿಕ್ಕ ತಕ್ಷಣ ಓಪನ್ ಮಾಡ್ತೀವಿ." ಅಲ್ಲಿಯವರೆಗೆ ತೊಟ್ಟಿಲಲ್ಲಿ ನೂಲಿನ ಉಂಡೆಗಳು ಮಲಗಿದ್ದವು. ಪುಣ್ಯ ಮಾಡಿದ ಉಂಡೆಗಳು.

ಸೇರಿದ ಮೊದಲ ದಿನವೇ ಮಾಲಾ ಕೇಳಿದ್ದಳು. "ಸಾರ್, ಹನ್ನೊಂದು ಗಂಟೆಗೆ ಒಂದು ಅರ್ಧ ಗಂಟೆ ಗೇಟ್ ಪಾಸ್ ಕೊಡಿ ಸಾರ್. ಹಾಲು ಕುಡಿಸಿ ಓಡಿ ಬಂದ್ಬಿಡ್ತೀನಿ. ಬಾಟಲಿ ಮುಟ್ಟಲ್ಲ ಅವ್ಳು."

ನಾಗಭೂಷಣ ನಕ್ಕಿದ್ದ. "ಇವತ್ತು ನಿಂಗೆ ಕೊಟ್ರೆ ನಾಳೆ ಇನ್ನೊಬ್ಳು ಬರ್ತಾಳೆ, ನನ್ನ ನಾಯಿಗೆ ಅನ್ನ ಹಾಕ್ಬೇಕು ಸಾರ್ ಅಂತ. ಮಗು ಬೇಕಾ ಕೆಲ್ಸ ಬೇಕಾ ಡಿಸೈಡ್ ಮಾಡ್ಕೋ ಹೋಗು."

ಅವನಿಗೆ ಮೂವತ್ತೊಂದು. ಕೂದಲು ನೆರೆತವರಿಗೂ ಅವನು ಹೋಗೇ ಬಾರೇ ಅನ್ನುವವನೇ. ಕಫ್ ಹೊಲಿಯುವ ವರಲಕ್ಷ್ಮಿಯ ಮಗನಿಗೆ ಹತ್ತೊಂಬತ್ತು ವರ್ಷ. ಅವಳಿಗೂ ಏನೇ, ಬಾರೇ. ಆದರೆ ಒಂದು ದೊಡ್ಡ ಮನಸ್ಸು ಮಾಡಿದ್ದ. ತನ್ನ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಹೆಂಗಸರ ಫೋನುಗಳನ್ನೆಲ್ಲ ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರಲ್ಲ, ಅದಕ್ಕೆ. "ಮನೇಲಿ ಯಾರಾದ್ರೂ ಸತ್ರೆ ಗಿತ್ರೆ ಮಾತ್ರ ಮಾಡ್ಲಿ."

ಮಹದೇವ ಆ ನಂಬರನ್ನು ಅಮ್ಮನ ಬಟನ್ ಫೋನಿನಲ್ಲಿ ಹಾಕಿ, ಎರಡರ ಗುಂಡಿ ಒತ್ತಿ ಹಿಡಿದರೆ ಸಾಕು ಎಂದು ಕಲಿಸಿದ್ದ. ಮಾಲಾ ಅತ್ತೆಗೆ ಕಣ್ಣು ಬಿಟ್ಟು ಹೇಳಿದ್ದಳು. "ಅತ್ತೆ, ಪ್ರಾಣ ಹೋಗೋ ಥರ ಇದ್ರೆ ಮಾತ್ರ. ಸುಮ್ ಸುಮ್ನೆ ಒತ್ತಿದ್ರೆ ನನ್ ಕೆಲ್ಸ ಹೋಗುತ್ತೆ." ಅತ್ತೆ ಪಟಾಲಮ್ಮ ಆಯ್ತು ಬಿಡೇ ಅಂದಿದ್ದಳು.

ಕಲೆಗಳ ಕಾಟ ಶುರುವಾದದ್ದು ಎರಡನೇ ವಾರ.

ಚೆಕಿಂಗ್ ಟೇಬಲ್ಲಿನಿಂದ ಶರಟುಗಳು ಕೆಂಪು ಬಾಣದ ಸ್ಟಿಕರ್ ಅಂಟಿಸಿಕೊಂಡು ವಾಪಸು ಬರತೊಡಗಿದವು. ಕಾಲರಿನ ಕೆಳಗೆ ಒಂದು ರೂಪಾಯಿ ಅಗಲದ ಕಲೆ. ಒಣಗಿದರೆ ಗಂಜಿ ಹಾಕಿದ ಹಾಗೆ ಗಟ್ಟಿ. ಮೊದಲ ದಿನ ಆರು. ಮಾರನೇ ದಿನ ಒಂಬತ್ತು. ಮೇಲಿನ ಪ್ರೊಡಕ್ಷನ್ ಮ್ಯಾನೇಜರು ನಾಗಭೂಷಣನಿಗೆ ಫೋನು ಮಾಡಿ ಬೈದರು. ಬೈಯಲು ಫೋನು ಮಾಡಿದರೆ ಪ್ಯಾಂಟು ಅತ್ತಿತು. ಪ್ಯಾಂಟು ಅತ್ತರೆ ಮಾಲಾಳ ಹಾಲು ಇಳಿಯಿತು. ಹಾಲು ಇಳಿದರೆ ಕಲೆ ಜಾಸ್ತಿಯಾಯಿತು. ಕಲೆ ಜಾಸ್ತಿಯಾಯಿತೆಂದು ಮ್ಯಾನೇಜರು ಮತ್ತೆ ಫೋನು ಮಾಡಿದರು. ಶುಕ್ರವಾರದ ಹೊತ್ತಿಗೆ ಕಲೆ ಇಪ್ಪತ್ತೆರಡಾಯಿತು.

"ಮಿಷನ್ ಎಣ್ಣೆ ಲೀಕು" ಎಂದ ನಾಗಭೂಷಣ. ಮೆಕ್ಯಾನಿಕ್ ಮರಿಯಪ್ಪನನ್ನು ಕರೆಸಿದ. ಮರಿಯಪ್ಪ ಮಿಷನ್ ಬಿಚ್ಚಿದ, ಒರೆಸಿದ, ಕೂಡಿಸಿದ. ಕಲೆ ಬಂತು. ಮಿಷನ್ನನ್ನೇ ಬದಲಾಯಿಸಿದ. ಕಲೆ ಬಂತು. ಮೂರನೇ ಸಲ ಬಗ್ಗಿ ತಲೆ ಎತ್ತುವಾಗ ಮಾಲಾಳ ಏಪ್ರನ್ನು ಅವನ ಕಣ್ಣಿಗೆ ಬಿತ್ತು. ಎರಡು ಒದ್ದೆ ವೃತ್ತ. ಮರಿಯಪ್ಪ ನಾಲ್ಕು ಮಕ್ಕಳ ತಂದೆ. ಅವನಿಗೆ ತಕ್ಷಣ ಅರ್ಥವಾಯಿತು. ಕಿವಿಯವರೆಗೆ ಕೆಂಪಾಗಿ, ಸ್ಪ್ಯಾನರು ಕೆಳಗೆ ಬೀಳಿಸಿ, "ಸಾರ್, ಇದು... ನನ್ ಡಿಪಾರ್ಟ್‌ಮೆಂಟ್ ಅಲ್ಲ ಸಾರ್" ಎಂದು ಓಡಿಹೋದ.

ನಾಗಭೂಷಣನಿಗೆ ಆಗಲೂ ಅರ್ಥವಾಗಲಿಲ್ಲ. ಒಂದು ಕೂಸಿನ ಅಪ್ಪ. ಹೆಂಡತಿಯ ಜೊತೆ ಎರಡು ದಿನ ನೆಟ್ಟಗೆ ಇದ್ದಿದ್ದರೆ ಗೊತ್ತಾಗುತ್ತಿತ್ತು.

ಮರುವಾರದ ಬುಧವಾರ ಅವನು ತಾನೇ ಪತ್ತೇದಾರಿಗೆ ಇಳಿದ. ಆಗಷ್ಟೇ ಕಲೆಯಾದ ಶರಟನ್ನು ಮಾಲಾಳ ಕೈಯಿಂದ ಕಿತ್ತುಕೊಂಡ. ಬೆಳಕಿಗೆ ಹಿಡಿದ. ಮೂಸಿದ. "ಎಣ್ಣೆ ವಾಸನೆ ಇಲ್ವಲ್ಲ." ಬೆರಳಿನಿಂದ ಉಜ್ಜಿದ. ಆಮೇಲೆ, ಲೈನಿನ ನಲವತ್ತು ಹೆಂಗಸರು ನೋಡನೋಡುತ್ತಿದ್ದ ಹಾಗೆ, ಆ ಬೆರಳನ್ನು ಬಾಯಿಗಿಟ್ಟುಕೊಂಡ.

ಮಿಷನ್ನುಗಳು ಒಂದೊಂದಾಗಿ ನಿಂತವು.

ನಾಗಭೂಷಣ ಚಪ್ಪರಿಸಿದ. ಹುಬ್ಬು ಗಂಟಿಕ್ಕಿದ. ಇನ್ನೊಂದು ಸಲ, ಈಗ ಶರಟನ್ನೇ ನಾಲಿಗೆಗೆ ತಾಗಿಸಿ ನೆಕ್ಕಿದ.

"ಸಿಹಿ!" ಎಂದ. "ಇದು ಎಣ್ಣೆ ಅಲ್ಲ. ಯಾವಳೋ ಸಿಹಿ ತಿಂತಾ ಇದಾಳೆ ಲೈನಲ್ಲಿ. ಯಾರೇ ಪಾಯಸ ತಂದಿರೋದು?"

ವರಲಕ್ಷ್ಮಿ ಬಾಯಿಗೆ ಸೆರಗು ತುರುಕಿಕೊಂಡು ಮಿಷನ್ನಿನ ಕೆಳಗೆ ಬಗ್ಗಿದಳು, ಬಾಬಿನ್ ಹುಡುಕುವವಳ ಹಾಗೆ. ಅವಳ ಬೆನ್ನು ಕುಲುಕುತ್ತಿತ್ತು. ಹಿಂದಿನವಳಿಗೆ ಬಿಕ್ಕಳಿಕೆ ಬಂತು. ಮಾಲಾ ಮಾತ್ರ ನಗಲಿಲ್ಲ. ತನ್ನ ಮಗು ಹಸಿದು ಕೂತಿದೆ, ಅದರ ಪಾಲಿನದನ್ನು ಈ ಮನುಷ್ಯ ಚಪ್ಪರಿಸುತ್ತಿದ್ದಾನೆ, ಮೇಲೆ ಯಾರೇ ಅನ್ನುತ್ತಿದ್ದಾನೆ.

ಆಮೇಲೆ ತಪಾಸಣೆಯಾಯಿತು. ನಲವತ್ತು ಊಟದ ಡಬ್ಬಿ ಬಿಚ್ಚಿಸಿದರು. ಮುದ್ದೆ, ಸೊಪ್ಪಿನ ಸಾರು, ಚಿತ್ರಾನ್ನ. ಬ್ಯಾಗುಗಳನ್ನು ನೆಲಕ್ಕೆ ಸುರಿಸಿದರು. ವರಲಕ್ಷ್ಮಿಯ ಬ್ಯಾಗಿನಿಂದ ಒಂದು ಕಡಲೆಮಿಠಾಯಿ ಬಿತ್ತು. ಅದನ್ನು ಸಾಕ್ಷಿ ಅಂತ ಕವರಿಗೆ ಹಾಕಿ ದೀಪ್ತಿ ಮೇಡಂಗೆ ಕಳಿಸಿದರು. ಮಧ್ಯಾಹ್ನ ನೋಟಿಸ್ ಬೋರ್ಡಿನಲ್ಲಿ ಕಾಗದ ಬಂತು: ಲೈನಿನಲ್ಲಿ ಸಿಹಿ ತಿನಿಸು ನಿಷೇಧಿಸಿದೆ. ಕಲೆ ಬಂದದ್ದು ಮಾಲಾಳ ಮಿಷನ್ನಿನಲ್ಲಿ, ಹಾಗಾಗಿ ಮೆಮೊ ಮಾಲಾಳಿಗೆ. ಎಣ್ಣೆ ಕಲೆ ಅಂತ ಹೋದ ವಾರವೇ ಒಂದು ಕೊಟ್ಟಿದ್ದರು, ಇದು ಎರಡನೆಯದು. ಮೂರನೆಯದು ಬಂದರೆ ಕೆಲಸ ಹೋಯಿತು.

ಸಂಜೆ ಮನೆಗೆ ಬಂದವಳು ಕೈಕಾಲು ತೊಳೆದು ಕವನಾಳನ್ನು ಎದೆಗೆ ಹಾಕಿಕೊಂಡಳು. ಮಗು ಕೋಪದಿಂದಲೇ ಕುಡಿಯಿತು. ದಿನವಿಡೀ ಒಳಲೆಯಲ್ಲಿ ಹಾಕಿದ ಪ್ಯಾಕೆಟ್ ಹಾಲನ್ನು ಅಜ್ಜಿಯ ಮುಖಕ್ಕೇ ಉಗಿದಿತ್ತು. ತೋಳು ಸಣ್ಣಗಾಗಿತ್ತು. ಕಳೆದ ವಾರ ಅಂಗನವಾಡಿಯಲ್ಲಿ ತೂಗಿದಾಗ ತೂಕ ಏರಿರಲಿಲ್ಲ. ಮಾಲಾ ಆ ತೋಳು ಸವರುತ್ತಾ ನಡೆದದ್ದನ್ನೆಲ್ಲ ಹೇಳಿ ಅತ್ತಳು.

ಪಟಾಲಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೇಳಿಸಿಕೊಂಡಳು. "ನೆಕ್ದಾ?"

"ಹೂಂ ಅತ್ತೆ."

"ಎಷ್ಟು ಸಲ?"

"ಎರಡು ಸಲ."

ಪಟಾಲಮ್ಮ ಜರಡಿ ಪಕ್ಕಕ್ಕಿಟ್ಟಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಇದ್ದಕ್ಕಿದ್ದ ಹಾಗೆ ಗಂಭೀರವಾದಳು. "ನಮ್ಮ ಕಡೆ ಲೆಕ್ಕ ಏನು ಗೊತ್ತಾ? ಎದೆಹಾಲು ಬಾಯಿಗೆ ಬಿತ್ತು ಅಂದ್ರೆ ಮಗ. ನಮ್ಮವ್ವ ಪಕ್ಕದ ಮನೆ ತಬ್ಬಲಿಗೆ ಒಂದು ವಾರ ಕುಡಿಸಿದ್ಲು, ಅವನು ಸಾಯೋ ಗಂಟ ಹಬ್ಬಕ್ಕೆ ಸೀರೆ ತಂದುಕೊಟ್ಟ. ಇವ್ನು ಎರಡು ಸಲ ನೆಕ್ಕವ್ನೆ. ನಿನ್ ಮಗನೇ ಕಣೇ ಅವ್ನು. ಹೆತ್ತ ಮಗನಿಗೆ ಯಾರಾದ್ರೂ ಸಾರ್ ಅಂತಾರಾ?"

"ನೀವೊಬ್ರು ಬಿಡಿ ಅತ್ತೆ" ಎಂದಳು ಮಾಲಾ. ಆದರೆ ಮೂರು ವಾರದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ನಕ್ಕ ರಭಸಕ್ಕೆ ಕವನಾಳ ಬಾಯಿ ತಪ್ಪಿ ಹಾಲು ಅಜ್ಜಿಯ ಜರಡಿಗೆ ಹಾರಿತು.

ಮುಂದಿನ ಬುಧವಾರ ಶರಟು ಕೊಳ್ಳುವ ಕಂಪನಿಯ ಕಡೆಯಿಂದ ತಪಾಸಣೆಗೆ ಒಬ್ಬ ಮೇಡಂ ಬಂದರು. ಚೆನ್ನೈನವರು. ಹಿಂದಿನ ದಿನವೇ ಸಡಗರ. ಬಾತ್‌ರೂಮಿಗೆ ಸೋಪು ಬಂತು. ಟೋಕನ್ ಮಾಯವಾಯಿತು, ಮೊಳೆಯೂ ಮಾಯ. ಮಕ್ಕಳ ಕೋಣೆಯ ಬೀಗ ತೆರೆಯಿತು. ನೂಲಿನ ಉಂಡೆಗಳನ್ನು ಎಬ್ಬಿಸಿ ಸಾಗಿಸಿದರು. ದೀಪ್ತಿ ಮೇಡಂ ತಮ್ಮ ಅಕ್ಕನ ಮಗಳ ದೊಡ್ಡ ಪ್ಲಾಸ್ಟಿಕ್ ಗೊಂಬೆ ತಂದು, ತೊಟ್ಟಿಲಲ್ಲಿ ಮಲಗಿಸಿ, ಕುತ್ತಿಗೆಯವರೆಗೆ ಟವೆಲು ಹೊದಿಸಿ, ಗಾಜಿನ ಕಿಟಕಿಯ ಆಚೆ ನಿಂತು ನೋಡಿದರು. ಪರವಾಗಿಲ್ಲ, ಮಗುವಿನ ಹಾಗೇ ಕಾಣುತ್ತಿತ್ತು. ಅದರಷ್ಟು ಶಿಸ್ತಿನ ಮಗುವನ್ನು ಯಾರೂ ಹೆತ್ತಿರಲಿಕ್ಕಿಲ್ಲ.

ಚೆನ್ನೈ ಮೇಡಂ ಕಿಟಕಿಯಿಂದ ಇಣುಕಿದರು. ದೀಪ್ತಿ ಮೇಡಂ ತುಟಿಗೆ ಬೆರಳಿಟ್ಟು ಮಗು ಮಲಗಿದೆ ಎಂದು ಸನ್ನೆ ಮಾಡಿದರು. ಮೇಡಂ ತಲೆಯಾಡಿಸಿ, ಬೂಟಿನ ಸದ್ದು ಮಾಡದೆ, ನಾಲ್ಕನೇ ಲೈನಿಗೆ ಬಂದರು. ನಾಗಭೂಷಣ ಇಸ್ತ್ರಿ ಹಾಕಿದ ಶರಟಿನಲ್ಲಿ ನಿಂತಿದ್ದ. ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು.

ಪ್ಯಾಂಟು ಅತ್ತಿತು.

ಮೇಡಂ ಬೆಚ್ಚಿ ಸುತ್ತ ನೋಡಿದರು. ನಾಗಭೂಷಣ ಹಲ್ಲು ಕಿರಿದು ಫೋನು ಕಟ್ ಮಾಡಿದ. ಮತ್ತೆ ಅತ್ತಿತು. ಮತ್ತೆ ಕಟ್ ಮಾಡಿದ. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಮೇಡಂ ಸರಿಯಾಗಿ ಮಾಲಾಳ ಮಿಷನ್ನಿನ ಮುಂದೆ ನಿಂತಿದ್ದರು. ಟಪ್ ಟಪ್ ಎಂದು ಎರಡು ಹನಿ ಬಿಳೀ ಕಾಲರಿನ ಮೇಲೆ ಬಿದ್ದವು.

"ಎನ್ನ ಇದು?" ಎಂದು ಕೇಳಿದರು ಮೇಡಂ, ಏನಿದು ಅಂತ.

"ಆಪರೇಟರ್ ಮಿಸ್ಟೇಕ್ ಮೇಡಂ! ಈಟಿಂಗ್ ಸ್ವೀಟ್, ಮೇಡಂ! ಡೈಲಿ!" ನಾಗಭೂಷಣ ಗಡಬಡಿಸಿದ. ಜೇಬಿನಿಂದ ರೆಡಿಯಾಗಿಟ್ಟಿದ್ದ ಮೂರನೇ ಮೆಮೊ ತೆಗೆದು ಮಾಲಾಳ ಮಿಷನ್ನಿನ ಮೇಲೆ ಬಡಿದ. "ಬರಿಯೇ. ನಾನು ಕೆಲಸದ ಟೈಮಲ್ಲಿ ಸಿಹಿ ತಿಂದು ಪೀಸ್ ಹಾಳು ಮಾಡಿದ್ದು ನಿಜ ಅಂತ ಬರ್ದು ಸೈನ್ ಹಾಕು. ಹಾಕೇ, ಮೇಡಂ ನೋಡ್ತಾ ಇದಾರೆ."

ಮಾಲಾ ಪೆಡಲಿನಿಂದ ಕಾಲು ತೆಗೆದಳು. ಸೂಜಿ ಅರ್ಧ ಕಾಲರಿನಲ್ಲಿ ನಿಂತಿತು. ನಾಲ್ಕು ವರ್ಷದಲ್ಲಿ ಅವಳು ಅರ್ಧ ಕಾಲರಿನಲ್ಲಿ ಮಿಷನ್ ನಿಲ್ಲಿಸಿದವಳೇ ಅಲ್ಲ.

"ಹಾಕಲ್ಲ."

"ಏನಂದೆ?"

"ಹಾಕಲ್ಲ ಅಂದೆ. ನಾನು ಸಿಹಿ ತಿಂದಿಲ್ಲ. ಸಿಹಿ ತಿಂದಿದ್ದು ನೀವು." ಮಾಲಾ ಎದ್ದು ನಿಂತಳು. ಏಪ್ರನ್ನು ಬಿಚ್ಚಿ ಮಿಷನ್ನಿನ ಮೇಲಿಟ್ಟಳು. ಒದ್ದೆ ರವಿಕೆ ಹಾಗೇ ಕಾಣಲಿ ಎಂದು ನೆಟ್ಟಗೆ ನಿಂತಳು. "ಇದು ನನ್ ಎದೆಹಾಲು ಸಾರ್. ಹೋದ ಬುಧವಾರ ನೀವು ಇಲ್ಲೇ ನಿಂತ್ಕೊಂಡು ನೆಕ್ಕಿದ್ರಲ್ಲ. ಅದೇ."

ನಾಗಭೂಷಣನ ಬಾಯಿ ತೆರೆಯಿತು. ನಾಲಿಗೆ ಒಂದಿಷ್ಟು ಹೊರಗೆ ಬಂತು. ಅದನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ.

ಚೆನ್ನೈ ಮೇಡಂ ಅವರ ಮುಖ, ಇವರ ಮುಖ ನೋಡಿದರು. ತಮಿಳರ ವಠಾರದಲ್ಲಿ ಬೆಳೆದಿದ್ದ ವರಲಕ್ಷ್ಮಿ ಎದ್ದು ನಿಂತು ಬಿಡಿಸಿ ಹೇಳಿದಳು. "ತಾಯ್ ಪಾಲ್, ಮೇಡಂ. ಇವರ್ ಸಾಪ್ಟಾರ್." ತಾಯಿ ಹಾಲು, ಇವರು ತಿಂದರು ಅಂತ. ಮೇಡಂ ತಮ್ಮ ಫೈಲಿನಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜವೂ ವರಲಕ್ಷ್ಮಿಯ ಬೆನ್ನಿನ ಹಾಗೇ ಕುಲುಕತೊಡಗಿತು.

ಆಗ ಪ್ಯಾಂಟು ಮೂರನೇ ಸಲ ಅತ್ತಿತು.

"ಎತ್ತಿ ಸಾರ್" ಎಂದಳು ಮಾಲಾ. "ಮಗು ಅಳ್ತಾ ಇದೆ. ಒಂದು ಸಲನಾದ್ರೂ ಎತ್ತಿ."

ನಾಗಭೂಷಣನಿಗೆ ಕೈ ಬೆವೆತಿತ್ತು. ಕಟ್ ಮಾಡಲು ಹೋಗಿ ಎತ್ತಿಬಿಟ್ಟ. ಗಾಬರಿಯಲ್ಲಿ ಇನ್ನೇನೋ ಒತ್ತಿದ. ಸ್ಪೀಕರು ಆನ್ ಆಯಿತು. ಅಕ್ಕಪಕ್ಕದ ಲೈನಿನ ಮಿಷನ್ನುಗಳೂ ಆಗಲೇ ನಿಂತಿದ್ದವು; ಫ್ಲೋರಿಗೆಲ್ಲ ಕೇಳುವ ಹಾಗೆ ಒಂದು ಗಂಟಲು ಹೊರಬಂತು. ಮಾಲಾ ತಕ್ಷಣ ಗುರುತು ಹಿಡಿದಳು. ಅದು ಅತ್ತೆಯ ಗಂಟಲು.

"ಅಯ್ಯೋ ಎತ್ತಿದ್ಯೇನಪ್ಪಾ ಮಹಾರಾಯ! ಮೂರು ವಾರದಿಂದ ದಿನಾ ಎರಡು ಒತ್ತಿ ಒತ್ತಿ ನನ್ ಹೆಬ್ಬೆಟ್ಟು ಸವೀತು. ದಿನಾ ಹನ್ನೊಂದು ಗಂಟೆಗೆ ಈ ಕೂಸು ಎದ್ದು ಹಸ್ಕೊಂಡು ಅಳುತ್ತೆ, ನಾನು ನಿಂಗೆ ಫೋನ್ ಹಾಕ್ತೀನಿ, ನೀನು ಕಟ್ ಮಾಡ್ತೀಯ. ಸೊಸೆಗೆ ಹೇಳಿದ್ರೆ ಬೈತಾಳೆ ಅಂತ ಹೇಳ್ಲಿಲ್ಲ. ಪ್ರಾಣ ಹೋಗೋ ಥರ ಇದ್ರೆ ಮಾತ್ರ ಮಾಡಿ ಅಂದ್ಲು. ಹಸ್ದಿರೋ ಮಗೂಗೆ ಇನ್ನೇನಪ್ಪಾ ಹೋಗೋದು? ಕೇಳು, ಕೇಳಿಲ್ಲಿ..."

ಪಟಾಲಮ್ಮ ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದಿರಬೇಕು. ಕವನಾ ಅತ್ತಳು. ಇದು ರಿಂಗ್‌ಟೋನ್ ಅಲ್ಲ.

ಮಾಲಾ ಮಿಷನ್ನು ಹಿಡಿದುಕೊಂಡು ನಿಂತಳು. ಹಾಗಾದರೆ ತನ್ನ ಎದೆ ಇಷ್ಟು ದಿನ ಮೋಸ ಹೋಗಿರಲಿಲ್ಲ. ದಿನಾ ಆ ಪ್ಯಾಂಟು ಅತ್ತದ್ದು ಎರಡು ರಸ್ತೆ ಆಚೆ ಕವನಾ ಅತ್ತದ್ದಕ್ಕೇ. ತನ್ನ ಮಗುವೇ ಕರೆಯುತ್ತಿತ್ತು, ಈ ಮನುಷ್ಯ ಕಟ್ ಮಾಡುತ್ತಿದ್ದ, ಎದೆ ಮಾತ್ರ ಬಂದೆ ಬಂದೆ ಎಂದು ಉತ್ತರ ಕೊಡುತ್ತಿತ್ತು. ಹದಿನೇಳರ ಮಗ್ಗಿ ಹೇಳಿ ಅದನ್ನು ಸುಮ್ಮನಾಗಿಸಲು ನೋಡಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸ್ಪೀಕರು ಇನ್ನೂ ಮುಗಿಸಿರಲಿಲ್ಲ. ಪಟಾಲಮ್ಮ ಮತ್ತೆ ಬಂದಳು. "ನೀನೂ ಕುಡಿದಿದ್ದೀಯಂತಲ್ಲಪ್ಪಾ, ಎರಡು ಸಲ. ಬೇಡ ಅನ್ನಲ್ಲ. ನಿನ್ ತಂಗಿಗೂ ಒಸಿ ಬಿಡೋ ಕಂದಾ."

ನಾಲ್ಕನೇ ಲೈನು ಸಿಡಿಯಿತು. ಅಷ್ಟು ನಗುವನ್ನು ಆ ಕಟ್ಟಡ ಕಂಡಿರಲಿಲ್ಲ. ನಗುತ್ತಲೇ ಮೂರನೇ ಲೈನಿನ ಒಬ್ಬಳು ಎದೆ ಮುಟ್ಟಿಕೊಂಡು "ಅಯ್ಯೋ, ನಂದೂ" ಅಂದಳು. ಆರನೇ ಲೈನಿನಲ್ಲಿ ಇನ್ನೊಬ್ಬಳು. ಕವನಾಳ ಅಳುವಿಗೆ ಆ ಫ್ಲೋರಿನ ಅಷ್ಟೂ ಬಾಣಂತಿಯರ ರವಿಕೆ ಒದ್ದೆಯಾಗಿತ್ತು. ಎಲ್ಲರೂ ಇಷ್ಟು ದಿನ ಯಾರ್ಯಾರದೋ ಹಳೇ ಲುಂಗಿ ಮಡಿಸಿಟ್ಟುಕೊಂಡು ಬಾಯಿ ಮುಚ್ಚಿಕೊಂಡಿದ್ದವರೇ. ಮಾಲಾ ಬಾಗಿಲಿನ ಕಡೆ ಹೊರಟಳು. ಹಿಂದೆ ಒಬ್ಬೊಬ್ಬರೇ ಎದ್ದರು. ಅವಳನ್ನೂ ಸೇರಿಸಿ ಹನ್ನೊಂದು ಜನ. ಹನ್ನೆರಡನೆಯವಳು ವರಲಕ್ಷ್ಮಿ.

"ನೀನ್ಯಾಕೆ ಎದ್ದೆ?" ನಾಗಭೂಷಣ ಕೀರಿದ. "ನಿನ್ ಮಗ ಕಾಲೇಜಿಗೆ ಹೋಗ್ತಾನೆ!"

"ನಂಗೂ ಒಳಗೆ ಜುಮ್ ಅಂತು" ಎಂದಳು ವರಲಕ್ಷ್ಮಿ. ಅವಳ ಕಣ್ಣು ನಿಜಕ್ಕೂ ತುಂಬಿತ್ತು. "ಅವನು ಕೂಸಾಗಿದ್ದಾಗ ಹಿಂಗೇ ಇಲ್ಲೇ ಕೂತಿದ್ದೆ. ಆಗ ಏಳಲಿಲ್ಲ. ಈಗ ಏಳ್ತೀನಿ."

ಗೇಟಿನಲ್ಲಿ ಸೆಕ್ಯುರಿಟಿ ವೆಂಕಟಸ್ವಾಮಿ ರಿಜಿಸ್ಟರು ಅಡ್ಡ ಹಿಡಿದ. "ಪಾಸ್ ಎಲ್ಲಮ್ಮಾ? ಪಾಸ್ ಇಲ್ದೆ ಬಿಡಂಗಿಲ್ಲ."

ಎರಡನೇ ಸಲ ಕಟ್ ಆದಾಗಲೇ ಮಗು ಎತ್ತಿಕೊಂಡು ಹೊರಟಿದ್ದ ಪಟಾಲಮ್ಮ ಗೇಟಿನ ಕಂಬಿಗಳ ಆಚೆ ಬಂದು ನಿಂತಿದ್ದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ಇನ್ನೂ ನಾಗಭೂಷಣನಿಗೆ ಬುದ್ಧಿ ಹೇಳುತ್ತಿದ್ದಳು. ಮಾಲಾ ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಮಗಳ ಕಾಲು ಹಿಡಿದಳು. "ಪಾಸ್ ಇಲ್ಲ ಅಣ್ಣ. ನಾನು ಹೊರಗೆ ಹೋಗಲ್ಲ, ಅವಳು ಒಳಗೆ ಬರ್ತಾಳೆ. ನಾಲ್ಕು ತಿಂಗಳ ಕೂಸಿಗೆ ಪಾಸ್ ಬೇಕು ಅಂತ ನಿಮ್ ಬುಕ್ಕಲ್ಲಿ ಎಲ್ಲಿದೆ ತೋರ್ಸಿ."

ವೆಂಕಟಸ್ವಾಮಿ ರಿಜಿಸ್ಟರು ತಿರುವಿದ. ಪ್ರಾಮಾಣಿಕವಾಗಿಯೇ ಹುಡುಕಿದ. ಎಲ್ಲೂ ಇರಲಿಲ್ಲ. ಗೇಟನ್ನು ಒಂದಿಷ್ಟು ಸರಿಸಿ, ಮಗುವನ್ನು ಒಳಗೆ ತೆಗೆದುಕೊಂಡು, ತನ್ನ ಕುರ್ಚಿಯನ್ನು ಎಳೆದುಕೊಟ್ಟು, ರಸ್ತೆ ಕಡೆಗೆ ಮುಖ ಮಾಡಿ ನಿಂತ. ಮಾಲಾ ಕುರ್ಚಿಯಲ್ಲಿ ಕೂತಳು. ಕವನಾ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಗುಟುಕು ಗುಟುಕಾಗಿ ಕುಡಿದಳು. ಮಿಕ್ಕ ಹತ್ತು ಜನ ವೆಂಕಟಸ್ವಾಮಿಯ ಫೋನು ಕಿತ್ತುಕೊಂಡು ಸರದಿಯಲ್ಲಿ ಮನೆಗಳಿಗೆ ಹೇಳಿದರು, ಮಗು ಕರ್ಕೊಂಡು ಬನ್ನಿ ಅಂತ. ಮಧ್ಯಾಹ್ನದ ಹೊತ್ತಿಗೆ ಗೇಟಿನೊಳಗೆ ಏಳು ಕೂಸುಗಳಿ­ದ್ದವು. ಚೆನ್ನೈ ಮೇಡಂ ಹೊರಡುವಾಗ ಅವನ್ನು ಎಣಿಸಿದರು. ಆಮೇಲೆ ವಾಪಸು ಹೋಗಿ ತೊಟ್ಟಿಲಿನ ಟವೆಲು ಎತ್ತಿ ನೋಡಿದರು.

ಮಾರನೇ ದಿನ ಹನ್ನೆರಡು ಮೆಮೊ ಬಂತು. ಕೆಲಸದ ವೇಳೆಯಲ್ಲಿ ಅನುಮತಿಯಿಲ್ಲದೆ ಹಾಲು ಸುರಿಸಿದ್ದಕ್ಕೆ ಕಾರಣ ತಿಳಿಸಿ ಎಂದು ಅದರಲ್ಲಿತ್ತು. ವರಲಕ್ಷ್ಮಿಗೂ ಒಂದು. "ನಂಗೂ ಕೊಟ್ಟವ್ರೆ ಕಣ್ರೇ! ನಲವತ್ತೆಂಟು ವರ್ಷಕ್ಕೆ!" ಎಂದು ಅವಳು ಅದನ್ನು ಫ್ಲೋರೆಲ್ಲ ತೋರಿಸಿಕೊಂಡು ಬಂದಳು. ಒಬ್ಬರೂ ಸೈನು ಹಾಕಲಿಲ್ಲ. ಬಾಣಂತಿಯರು ಮೆಮೊವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡರು. ದಪ್ಪ ಕಾಗದ. ಲುಂಗಿಗಿಂತ ಚೆನ್ನಾಗಿ ಹೀರಿತು.

ಕೆಲಸದಿಂದ ತೆಗೆಯುತ್ತಾರೋ, ಇಟ್ಟುಕೊಳ್ಳುತ್ತಾರೋ ಆ ಬೆಳಿಗ್ಗೆ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳ ಕೋಣೆಗೆ ಮತ್ತೆ ಬೀಗ ಬಿದ್ದಿತ್ತು, ಟೋಕನ್ ಮೊಳೆಗೆ ವಾಪಸು ಬಂದಿತ್ತು. ನಾಗಭೂಷಣ ರಿಂಗ್‌ಟೋನ್ ಬದಲಾಯಿಸಿ ದೇವಸ್ಥಾನದ ಗಂಟೆ ಇಟ್ಟುಕೊಂಡಿದ್ದ. ಹಿಂದಿನ ರಾತ್ರಿ ಹೆಂಡತಿಗೆ ಫೋನು ಮಾಡಿ, ಮಗು ಅತ್ತರೆ ಎತ್ತಿಕೋ, ರೆಕಾರ್ಡ್ ಬೇಡ ಅಂದನಂತೆ. ನಾಲ್ಕನೇ ಲೈನಿನ ಕಡೆ ಅವನು ಕಣ್ಣೆತ್ತಿ ನೋಡುತ್ತಿರಲಿಲ್ಲ.

ಹನ್ನೊಂದೂ ಹತ್ತಾಯಿತು. ಪ್ಯಾಂಟು ಅಳಲಿಲ್ಲ. ಗಂಟೆಯೂ ಹೊಡೆಯಲಿಲ್ಲ. ಮುನ್ನೂರು ಮಿಷನ್ನಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

ಮಾಲಾಳ ಎದೆ ಜುಮ್ಮೆಂದಿತು.

ಅವಳು ಕಾಲರ್ ಪೂರ್ತಿ ಮುಗಿಸಿದಳು. ದಾರ ಕತ್ತರಿಸಿದಳು. ಎದ್ದಳು. ಪಾಸು ಕೇಳಲಿಲ್ಲ, ಟೋಕನ್ ಮುಟ್ಟಲಿಲ್ಲ. ಅಲ್ಲಲ್ಲಿ ಇನ್ನೂ ಹತ್ತು ಕುರ್ಚಿ ಹಿಂದಕ್ಕೆ ಸರಿದವು. ನಾಗಭೂಷಣ ಅಡ್ಡ ಬಂದ. ಬಂದವನು ಮೂರು ವಾರದಲ್ಲಿ ಮೊದಲ ಸಲ ಬಹುವಚನ ಹುಡುಕಿ ತಂದ.

"ಎಲ್ಲಿಗೆ... ಎಲ್ಲಿಗೆ ಹೊರಟ್ರಿ?"

ಮಾಲಾ ಅವನ ಮುಖ ನೋಡಿದಳು. ನಿದ್ದೆಗೆಟ್ಟ ಮುಖ. ಕೆನ್ನೆಗೆ ನೂಲಿನ ಎಳೆಯೊಂದು ಅಂಟಿತ್ತು. ಅವಳು ಕೈ ಚಾಚಿ ಅದನ್ನು ತೆಗೆದು ಹಾಕಿದಳು.

"ನಿನ್ ತಂಗಿಗೆ ಹಾಲು ಕೊಟ್ಟು ಬರ್ತೀನಪ್ಪಾ" ಎಂದಳು. "ಅಲ್ಲೀವರ್ಗೂ ಲೈನ್ ನೋಡ್ಕೊಂಡಿರು."